ಐದು ಬೆರಳಿಗೆ ಒಂದೇ ಪಟ್ಟಿ

ಹಾನುಬಾಳು
೨೯-೧-೨೦೦೧, ಸೋಮವಾರ

ಪ್ರೀತಿಯ ಅತ್ತೇ,

ನಿಮ್ಮ ಸೊಸೆ ಶಿವಲೀಲಾ ಮಾಡುವ ನಮಸ್ಕಾರ. ಕೈ ಹೇಗಿದೆ? ಚಳಿಗೆ ಚರ್ಮ ಬಿಗಿದು ಬಿರಿಯುತ್ತಿದೆ ಎಂದು ಮಾನಸಾ ಬರೆದಿದ್ದಳು. ಅರಸೀಕೆರೆಯ ಬಯಲುಗಾಳಿಗೆ ಇನ್ನೂ ಹೆಚ್ಚಾಗಿರಬೇಕು. ಬೆಣ್ಣೆ ಹಚ್ಚಿಸಿಕೊಳ್ಳಿ, ಅಳಿಯನ ಮನೆಯೆಂದು ಸಂಕೋಚ ಬೇಡ. ಎಡಗೈಯಲ್ಲಿ ಚಮಚ ಹಿಡಿದು ಉಣ್ಣುವುದು ರೂಢಿಯಾಯಿತೇ? ಮೊದಮೊದಲು ಅನ್ನ ಸೆರಗಿನ ಮೇಲೆ ಬಿದ್ದರೆ ನೀವು ಸುತ್ತ ನೋಡುತ್ತಿದ್ದಿರಿ, ಯಾರು ಬೈಯುತ್ತಾರೋ ಎಂದು. ಅಲ್ಲಿ ಬೈಯುವವರಿಲ್ಲ, ಹೊಟ್ಟೆ ತುಂಬ ಉಣ್ಣಿ. ಮಾನಸಾ, ಅವ್ವನಿಗೆ ಓದಿ ಹೇಳುವವಳು ನೀನು. ನಡುವೆ ಏನನ್ನೂ ಹಾರಿಸಬೇಡ ಕಣೇ, ನಿಮ್ಮಪ್ಪನ ವಿಷಯ ಬಂದಾಗಲೂ ಹಾರಿಸಬೇಡ.

ಇಲ್ಲಿನ ಸಮಾಚಾರವೆಂದರೆ ಮಾವ ಬಿದ್ದಿದ್ದಾರೆ. ಗಾಬರಿಯಾಗಬೇಡಿ, ಉಸಿರಾಡುತ್ತಿದ್ದಾರೆ. ಸಂಕ್ರಾಂತಿಯ ಮಾರನೆಯ ದಿನ ಗೋಡೌನಿನ ಮುಂದೆ ಯಾವುದೋ ಎಸ್ಟೇಟಿನ ಜೀಪಿಗೆ ಕಾಫಿ ಮೂಟೆ ಏರಿಸುತ್ತಿದ್ದರು. ಮೂಟೆ ಏರಿಸುವ ಕಡೆಯಲ್ಲೆಲ್ಲ ಮಾವ ಇರುತ್ತಾರೆಂದು ನಿಮಗೆ ಗೊತ್ತೇ ಇದೆ. ದೊಡ್ಡ ದಿನಸಿ ಅಂಗಡಿಯ ಏಕಾಂತಯ್ಯನವರು, ಊರೆಲ್ಲ ಸಾಹುಕಾರ್ರು ಎಂದು ಕೈಮುಗಿಯುವ ಮನುಷ್ಯ, ಟವೆಲ್ಲು ಹಾಸಿಕೊಂಡು ಕುಕ್ಕರಗಾಲಿನಲ್ಲಿ ಕೂತು ಉದುರಿದ ಕಾಳು ಆರಿಸುವುದು. ನಮ್ಮ ಮನೆಯ ಕಾಫಿಪುಡಿ ಆ ಮಣ್ಣಿನಿಂದಲೇ ಏಳಬೇಕಲ್ಲ. ಅವತ್ತು ಜೀಪಿನ ಹಿಂದಿನ ಗಾಲಿಯ ಹತ್ತಿರ ಕೂತಿದ್ದರಂತೆ. ಡ್ರೈವರ್ ತೋಟಪ್ಪ ಗಾಡಿ ಹಿಂದಕ್ಕೆ ತೆಗೆದಿದ್ದಾನೆ. ಅವನೇ ಎತ್ತಿಕೊಂಡು ಬಂದು ನಮ್ಮ ಜಗಲಿಯ ಮೇಲೆ ಮಲಗಿಸಿ ಹೆಂಗಸಿನ ಹಾಗೆ ಅತ್ತ. “ಹಾರನ್ ಹೊಡ್ದೆ ಕಣಮ್ಮ, ಎಲ್ಡು ಸಲ ಹೊಡ್ದೆ. ಇನ್ನೊಂದ್ ನಾಕ್ ಕಾಳೈತೆ, ತಡಿಯೋ ಮಾರಾಯ ಅಂದ್ರು. ಎದ್ರು ಅನ್ಕಂಡ್ಬುಟ್ಟೆ” ಎಂದ. ಮಾವ ಆ ನೋವಿನಲ್ಲೂ ಮುಷ್ಟಿ ಬಿಚ್ಚಿರಲಿಲ್ಲ. ನಾನೇ ಬೆರಳು ಬಿಡಿಸಿ ಕಾಳು ತೆಗೆದು ಡಬ್ಬಿಗೆ ಹಾಕಿದೆ.

ಅದೇ ಜೀಪಿನಲ್ಲಿ ಸಕಲೇಶಪುರಕ್ಕೆ ಕರೆದೊಯ್ದೆವು. ತೊಡೆಯ ಮೂಳೆ ಸೊಂಟದ ಹತ್ತಿರ ಮುರಿದಿದೆ, ಹಾಸನಕ್ಕೆ ಹೋಗಿ ಆಪರೇಷನ್ ಮಾಡಿಸಿ ರಾಡು ಹಾಕಿಸಬೇಕು ಎಂದರು. ನಿಮ್ಮ ಮಗ ಆಗಲಿ ಎಂದು ಗಾಡಿ ಕೇಳಲು ಹೊರಟಿದ್ದರು. ಮಾವ ಸ್ಟ್ರೆಚರ್ ಮೇಲಿಂದಲೇ, “ಲೋ ಮೃತ್ಯುಂಜಯ, ರಾಡು ಹಾಕ್ಸಕ್ಕೆ ನಾನೇನು ತಾರಸಿ ಮನೆಯೇನೋ? ಮೂಳೆ ಅನ್ನೋದು ತಾನೇ ಕೂಡ್ಕಂತದೆ. ಮನೆಗೆ ನಡೀರಿ” ಎಂದರು. ದೋಣಿಗಲ್ ಕಡೆಯಿಂದ ಮೂಳೆ ಕಟ್ಟುವ ಕುಳ್ಳಯ್ಯನನ್ನು ಕರೆಸಿದೆವು. ಅವನೂ ಮುಟ್ಟಿ ನೋಡಿ, “ಇದು ನನ್ ಕೈಯಿಂದ ಆಗೋದಲ್ಲ, ದೊಡ್ಡಾಸ್ಪತ್ರೆಗೆ ಹೋಗಿ ಸಾಹುಕಾರ್ರೇ” ಎಂದ. ಬಂದವನು ಬಂದಿದ್ದೀಯ, ನಾಲ್ಕು ಬಿದಿರ ಕಡ್ಡಿ ಕಟ್ಟಿ ಹೋಗು ಎಂದು ಕಟ್ಟಿಸಿಕೊಂಡರು. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು, ಅತ್ತೆ. ಮನೆಗೆ ನಡೀರಿ ಎಂದವರು ಅವರೇ, ನಾನಲ್ಲ.

ಅವತ್ತು ಸಂಜೆ ಉಡಿದಾರದಿಂದ ಬೀಗದ ಕೈ ಗೊಂಚಲು ಬಿಚ್ಚಿ ನನ್ನ ಕೈಗೆ ಕೊಟ್ಟರು. “ನಾನ್ ನಡಿಸ್ದಂಗೇ ನಡ್ಸವ್ವ. ಒಂದ್ ಬೆಂಕಿಕಡ್ಡಿನೂ ದಂಡ ಆಗ್ಬಾರ್ದು” ಎಂದರು. ಆಗಲಿ ಮಾವ ಎಂದೆ. ಹಾಗೆಯೇ ನಡೆಸುತ್ತಿದ್ದೇನೆ. ಬೆಂಕಿಕಡ್ಡಿಯನ್ನು ಬ್ಲೇಡಿನಿಂದ ಸೀಳುವುದು ನಿಮಗಿಂತ ನನಗೆ ಚೆನ್ನಾಗಿ ಬರುತ್ತದೆ. ಸೋಪನ್ನು ದಾರದಲ್ಲಿ ಕೊಯ್ದು ಒಣಗಿಸಿ ಇಡುತ್ತೇನೆ. ಕಾಫಿ ಮೊದಲ ಸಲ ಇಳಿಸಿದ್ದು ಅಂಗಡಿಗೆ ಬರುವ ದೊಡ್ಡ ಗಿರಾಕಿಗಳಿಗೆ, ಅದೇ ಚರಟ ಎರಡನೆಯ ಸಲ ಕುದಿಸಿದ್ದು ನಮಗೆ, ಮೂರನೆಯದು ಮಾವನಿಗೆ. ಮೊದಲು ಆ ಮೂರನೆಯದು ಯಾರ ಪಾಲಿಗಿತ್ತೆಂದು ನಾನು ಹೇಳಬೇಕಾಗಿಲ್ಲ. “ಇದು ಕಾಫಿಯೇನವ್ವ, ಬಣ್ಣದ ನೀರು” ಎಂದರು ಒಂದು ದಿನ. ಬಾಯಿ ಬೆಚ್ಚಗಾದರೆ ಸಾಕು ಮಾವ, ನಾಲಗೆ ಕೇಳಿದ್ದೆಲ್ಲ ಕೊಟ್ಟರೆ ಮನೆ ಉಳಿಯುವುದಿಲ್ಲ ಎಂದೆ. ಅವರದೇ ಮಾತು. ಅವರ ದನಿಯಲ್ಲೇ ಬಂದುಬಿಟ್ಟಿತು. ಕೋಣೆಯ ಬಲ್ಬು ತೆಗೆದು ಅಂಗಡಿಗೆ ಹಾಕಿದ್ದೇನೆ, ಮಲಗಿರುವವರಿಗೆ ಬೆಳಕು ಯಾಕೆ? ನೀವು ಸುಟ್ಟ ಕೈ ಎದೆಯ ಮೇಲಿಟ್ಟುಕೊಂಡು ಲೈಟು ಹಾಕಿ ಎಂದು ಗೋಗರೆದಾಗ ಅವರು ಇದನ್ನೇ ಕೇಳಿದ್ದು. ನೋವಿನ ಮಾತ್ರೆಯನ್ನು ಅರ್ಧ ಮಾಡಿ ಕೊಡುತ್ತೇನೆ. ಅದೂ ಅವರು ಕಲಿಸಿದ್ದೇ.

ಆ ಸ್ಟೋವಿನ ಸಂಗತಿ ನಿಮಗೆ ನಾನು ಹೇಳಬೇಕೇ? ಆದರೂ ಬರೆಯುತ್ತೇನೆ, ಮಾನಸಾಳಿಗೆ ಪೂರ್ತಿ ಗೊತ್ತಿರಲಿ. ಗ್ಯಾಸ್ ಸಿಲಿಂಡರ್ ಮನೆಗೆ ಬಂದು ಎರಡು ವರ್ಷವಾಗಿದ್ದರೂ ಸೀಲು ಒಡೆಯದೆ ಮೂಲೆಯಲ್ಲಿ ಗೋಣಿ ಹೊದ್ದು ಕೂತಿತ್ತು, ಕಷ್ಟಕಾಲಕ್ಕೆ ಇರಲಿ ಎಂದು. ನೀವು ಆ ಹಳೇ ಪಂಪ್ ಸ್ಟೋವಿನ ಮುಂದೆಯೇ ಕೂತಿರಬೇಕು. ಅದರ ವಾಷರ್ ಹೋಗಿದೆ ಎಂದಾಗ ಅಂಗಡಿಯಲ್ಲಿ ಹೊಸ ವಾಷರ್ ಡಬ್ಬಿಗಟ್ಟಲೆ ಇತ್ತು. ಮಾರುವ ಸಾಮಾನು ಮನೆಗೆ ಬಳಸಬಾರದು ಎಂದು ಸವೆದ ಚಪ್ಪಲಿಯ ಚರ್ಮ ಕತ್ತರಿಸಿ ಮಾವ ತಾವೇ ಹಾಕಿಕೊಟ್ಟರು. ಶ್ರಾವಣದ ಮೂರನೇ ಸೋಮವಾರ ಅದು ಸಿಡಿಯಿತು. ನಿಮ್ಮ ಬಲಗೈ ಮೊಣಕೈವರೆಗೆ ಉರಿದುಹೋಯಿತು. ಆಸ್ಪತ್ರೆ ಎಂದು ನಾನು ಕೂಗಿಕೊಂಡರೆ, “ಸುಣ್ಣದ ತಿಳಿ, ಕೊಬ್ರಿ ಎಣ್ಣೆ ಮನೇಲೇ ಐತೆ” ಎಂದರು. ಹಳೇ ಪಂಚೆ ಹರಿದು ಪಟ್ಟಿ ಕಟ್ಟಲು ಕೂತಾಗ ಒಂದೊಂದು ಬೆರಳನ್ನೂ ಬೇರೆ ಬೇರೆ ಸುತ್ತಲು ಹೋದೆ. “ಬೆರಳಿಗೊಂದು ಪಟ್ಟಿ ಯಾಕೆ? ಬಟ್ಟೆ ದಂಡ. ಐದಕ್ಕೂ ಸೇರ್ಸಿ ಒಂದು ಸುತ್ತು” ಎಂದು ಮಿಕ್ಕ ಪಂಚೆಯನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟರು. ಪಟ್ಟಿ ಬಿಚ್ಚಿದ ದಿನ ನಿಮ್ಮ ಬೆರಳುಗಳು ಒಂದೇ ಮಾಂಸದ ಮುದ್ದೆಯಾಗಿದ್ದವು. ಅವರು ಬಗ್ಗಿ ನೋಡಿ, “ಎಡಗೈ ಐತಲ್ಲ, ಕೆಲ್ಸ ನಡೀತದೆ” ಎಂದು ಅಂಗಡಿಗೆ ಹೋದರು. ನೀವು ಅಳಲಿಲ್ಲ. ದೀಪಾವಳಿ ಕಳೆದ ಮೇಲೆ ಮಾನಸಾ ಬಂದು ಕರೆದಾಗ ಬಸ್ಸು ಹತ್ತಿದಿರಿ.

ಈಗ ಮಾವನ ಬೆನ್ನು ಹುಣ್ಣಾಗಿದೆ. ಪಕ್ಕದ ಮನೆಯ ಗುರುಶಾಂತಮ್ಮ ನೋಡಲು ಬಂದವರು ಮೂಗಿಗೆ ಸೆರಗು ಹಿಡಿದು, “ಪಾಪ ಕಣೇ, ಬೆನ್ನೆಲ್ಲ ಹಣ್ಣಾಗೈತೆ. ಒಂದು ಮೆತ್ತನೆ ಹಾಸಿಗೆನಾದ್ರೂ ಹಾಕೇ” ಎಂದರು. ಗೋಣಿಚೀಲ ನಾಲ್ಕು ಮಡಿಕೆ ಹಾಕಿದ್ದೇನೆ, ಹತ್ತಿಯ ಹಾಸಿಗೆ ಕೆಟ್ಟರೆ ಯಾರು ಹೊಲಿಸುತ್ತಾರೆ ಎಂದೆ. ಅವರು ನನ್ನ ಮುಖವನ್ನೇ ನೋಡಿ, ಕೊಟ್ಟ ಕಾಫಿಯನ್ನು ಮುಟ್ಟದೆ ಎದ್ದು ಹೋದರು. ಅವತ್ತು ಅವರು ಹೋದ ಮೇಲೆ ನನಗೇ ಏನೋ ಆಯಿತು. ಬೀಗದ ಕೈ ನನ್ನದು, ಸಕ್ಕರೆ ಡಬ್ಬಿ ನನ್ನದು, ಒಂದು ಲೋಟ ಗಟ್ಟಿ ಕಾಫಿ ಕುಡಿಯೋಣ ಎಂದು ಹೊಸ ಪುಡಿ ಹಾಕಿ, ಹಾಲು ಕಾಯಿಸಿ, ಎರಡನೇ ಚಮಚ ಸಕ್ಕರೆ ತೆಗೆದೆ. ಕೈ ಲೋಟದವರೆಗೆ ಹೋಗಲಿಲ್ಲ, ಅತ್ತೆ. ಸಕ್ಕರೆಯನ್ನು ವಾಪಸು ಡಬ್ಬಿಗೆ ಸುರಿದೆ. ಸಿಲಿಂಡರಿನ ಸೀಲೂ ಹಾಗೇ ಇದೆ, ದಿನಾ ನಾಳೆ ಒಡೆಯೋಣ ಎಂದುಕೊಳ್ಳುತ್ತೇನೆ. ಆ ಸಿಟ್ಟನ್ನೂ ಸೇರಿಸಿ ಮಾವನ ಮೇಲೆಯೇ ತೀರಿಸಿಕೊಳ್ಳುತ್ತೇನೆ.

ಮೊನ್ನೆ ಶುಕ್ರವಾರ ಮಾವ ಅತ್ತರು. ನಾವು ಯಾರೂ ನೋಡದ ಅಳು. “ಹಾಸನಕ್ಕೆ ಕರ್ಕಂಡ್ ಹೋಗ್ರವ್ವ. ನನ್ ದುಡ್ಡೇ ಐತಲ್ಲ ಪೆಟ್ಟಿಗೇಲಿ, ಅದನ್ನೇ ತಗೊಳ್ರಿ” ಎಂದರು. ಮೂಳೆ ತಾನೇ ಕೂಡಿಕೊಳ್ಳುತ್ತದೆ ಮಾವ ಎಂದೆ. ನಿಮ್ಮ ಮಗ ಬಾಗಿಲಲ್ಲಿ ನಿಂತಿದ್ದರು. ಮೊದಲು ಅಪ್ಪನ ಮುಂದೆ ನಿಲ್ಲುತ್ತಿದ್ದ ಹಾಗೆಯೇ ಈಗ ನನ್ನ ಮುಂದೆ ನೆಲ ನೋಡುತ್ತ ನಿಲ್ಲುತ್ತಾರೆ. ಆಗ ಮಾವ, “ಸುಲೋಚನನ ಕೇಳ್ರಿ. ಅವಳು ಹೂಂ ಅಂದ್ರೆ ಕರ್ಕಂಡ್ ಹೋಗಿ, ಬ್ಯಾಡ ಅಂದ್ರೆ ಇಲ್ಲೇ ಸಾಯ್ತೀನಿ” ಎಂದರು. ನಾನು ಈ ಮನೆಗೆ ಬಂದಾಗಿನಿಂದ ನಿಮ್ಮ ಹೆಸರು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು. ಇಷ್ಟು ವರ್ಷ ನೀವು ಬರೀ ‘ಏಯ್’ ಆಗಿದ್ದಿರಿ. ನಿಜ ಹೇಳುತ್ತೇನೆ, ಒಂದು ಗಳಿಗೆ ಕರೆದುಕೊಂಡು ಹೋಗಿಬಿಡೋಣ ಅನ್ನಿಸಿತು. ಆದರೆ ನಿಮ್ಮ ಕೈ ಕಣ್ಣಿಗೆ ಕಟ್ಟಿತು. ಶನಿವಾರ ನಿಮ್ಮ ಮಗ ಎಕ್ಸ್‌ರೇ ಹಿಡಿದುಕೊಂಡು ತಾವೇ ಹಾಸನಕ್ಕೆ ಹೋಗಿ ಡಾಕ್ಟರನ್ನು ಕಂಡು ಬಂದರು. ಈಗಲೂ ಮಾಡಬಹುದಂತೆ. “ಅವ್ವ ಏನಂತಾಳೋ ಹಂಗೆ ಮಾಡಾನ” ಎನ್ನುತ್ತಾರೆ. ಆ ಮಾತಿಗೆ ನನ್ನ ಒಪ್ಪಿಗೆಯೂ ಇದೆ. ಮನೆಯಲ್ಲಿ ಕೇಳಬೇಕಾದ ಮಾತು ಯಾರದಾದರೂ ಇದ್ದರೆ ಅದು ನಿಮ್ಮದೇ.

ಮಾನಸಾಳಿಗೂ ಅವಳ ಯಜಮಾನರಿಗೂ ನನ್ನ ನೆನಪು ತಿಳಿಸಿ. ಮಾದೇವ ನಿಮ್ಮನ್ನು ತಣ್ಣಗೆ ಇಟ್ಟಿರಲಿ. ನೀವು ಅಲ್ಲಿ ಉಂಡು ಮಲಗಿದ್ದೀರಿ ಎಂದುಕೊಂಡರೆ ನನಗಿಲ್ಲಿ ನಿದ್ದೆ ಬರುತ್ತದೆ.

ನಿಮ್ಮ ಮಗಳಂಥ ಸೊಸೆ,
ಶಿವಲೀಲಾ

ಅನ್ನದಗುಳು ಹಚ್ಚಿ ಕವರು ಮುಚ್ಚುವ ಮೊದಲು ಇನ್ನೊಂದು ಮಾತು. ಹಾಸನದ ಡಾಕ್ಟರು ಈ ಗುರುವಾರದೊಳಗೆ ಕರೆತಂದರೆ ಮಾತ್ರ ಆಪರೇಷನ್ ಆದೀತು, ಹುಣ್ಣಿನ ಕೀವು ಒಳಗಿಳಿದ ಮೇಲೆ ನನ್ನಿಂದಾಗದು ಎಂದಿದ್ದಾರಂತೆ. ಬೂತಿನಿಂದ ಮಾನಸಾಳ ಪಕ್ಕದ ಮನೆಗೆ ಫೋನ್ ಮಾಡಿ ಅವ್ವನನ್ನು ಕೇಳಿಬಿಡೋಣ ಎಂದು ನಿಮ್ಮ ಮಗ ಇವತ್ತು ಬೆಳಿಗ್ಗೆ ಅಂದರು. ಎರಡು ಮಾತಿಗೆ ಎಸ್‌ಟಿಡಿ ಯಾಕೆ, ಕಾಗದ ಬರೆದರೆ ಆಯಿತು ಎಂದೆ. ಇದು ನಿಮ್ಮ ಕೈ ಸೇರುವುದು ಶುಕ್ರವಾರವೋ ಶನಿವಾರವೋ ಎಂದು ಅವರಿಗೂ ಗೊತ್ತು. ನನ್ನ ಮುಖ ನೋಡಿದರು, ಆಮೇಲೆ ಅಂಗಡಿ ಬಾಗಿಲು ತೆಗೆಯಲು ಹೋದರು. ನೀವು ಉತ್ತರ ಬರೆಸುವ ತೊಂದರೆ ತೆಗೆದುಕೊಳ್ಳಬೇಡಿ. ಹೂಂ ಅನ್ನುವ ಸಂಕಟವಾಗಲಿ ಬೇಡ ಅನ್ನುವ ಪಾಪವಾಗಲಿ ನಿಮ್ಮ ತಲೆಗೆ ಬರಬಾರದೆಂದೇ ಹೀಗೆ ಮಾಡಿದ್ದೇನೆ. ಮಾವನಿಗೆ ಮಾತ್ರ, ಅತ್ತೆಯನ್ನು ಕೇಳಿದ್ದೇವೆ, ಇನ್ನೇನು ಉತ್ತರ ಬರುತ್ತದೆ ಎಂದು ಹೇಳಿದ್ದೇನೆ. ಬೀದಿಯಲ್ಲಿ ಯಾರದಾದರೂ ಸೈಕಲ್ ಬೆಲ್ ಆದರೆ ಸಾಕು, ಕತ್ತೆತ್ತಿ ಬಾಗಿಲ ಕಡೆ ನೋಡುತ್ತಾರೆ.