ಇಸ್ತ್ರಿ ಹಾಕಿದ ಬೇಲಿ

ಹಿತ್ತಿಲ ಮೆಟ್ಟಿಲ ಮೇಲಿಂದ,
ಭಾನುವಾರ ಬೆಳಗ್ಗೆ, ಸೆಪ್ಟೆಂಬರ್ ೧೪

ನನ್ನ ಅಮ್ಮಾ,

ನಿನ್ನ ಸೊಂಟನೋವು ಹೇಗಿದೆ? ಮಗುವನ್ನು ಎತ್ತಿಕೊಂಡೇ ಮಹಡಿ ಹತ್ತಿ ಇಳಿಯುತ್ತೀಯಂತೆ, ಅಕ್ಕ ದೂರು ಹೇಳಿದಳು. ಅವಳು ಹೊಟ್ಟೆ ತುಂಬ ಉಣ್ಣುತ್ತಿದ್ದಾಳೆ ತಾನೆ? ಪುಟ್ಟಿಗೆ ನನ್ನ ಮೂಗೇ ಬಂದಿದೆ ಎಂದು ಭಾವ ಹೇಳಿದ್ದು ನಿಜವೋ, ನನ್ನನ್ನು ಖುಷಿಪಡಿಸಲು ಹೇಳಿದ್ದೋ? ನಿಜವಾಗಿದ್ದರೆ ಪಾಪ, ಅದರ ಗತಿ. ಇಲ್ಲಿ ನಾವಿಬ್ಬರೂ ಆರೋಗ್ಯವಾಗಿದ್ದೇವೆ. ಅಪ್ಪ ತುಸು ಇಳಿದಿದ್ದಾರೆ. ನಾನು ಮಾಡಿ ಹಾಕಿದ್ದನ್ನು ಮರುಮಾತಿಲ್ಲದೆ ಉಣ್ಣುತ್ತಾರೆ. ಆ ಮರುಮಾತಿಲ್ಲದಿರುವುದೇ ನನಗೆ ಹೆದರಿಕೆ.

ಫೋನಿನಲ್ಲಿ ನೀನು "ಬಳ್ಳಿ ಹೇಗಿದೆಯೋ?" ಎಂದು ಕೇಳಿದಾಗಲೆಲ್ಲ ನಾನು "ಅಪ್ಪನಿಗೆ ಕೊಡ್ತೀನಿ ಇರು" ಎಂದು ಜಾರಿಕೊಂಡಿದ್ದೇನೆ. ಅಪ್ಪನೋ, ಗಿರಾಕಿಯ ಅಂಗಿಯ ಕಲೆ ಹೋಗದಿದ್ದಾಗ ಹೇಳುವ ದನಿಯಲ್ಲೇ "ಎಲ್ಲಾ ಚೆನ್ನಾಗಿದೆ ಕಣೇ" ಎಂದಿದ್ದಾರೆ. ಎಲ್ಲಾ ಚೆನ್ನಾಗಿರಲಿಲ್ಲ ಅಮ್ಮಾ. ಅಕ್ಕನ ಬಾಣಂತನಕ್ಕೆ ಹೊರಟ ನೀನು ಬಸ್ಸಿನ ಕಿಟಕಿಯಿಂದ ಬಗ್ಗಿ ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ: "ಟೊಮೆಟೊ ಹೋದ್ರೆ ಹೋಗ್ಲಿ, ಸೊಪ್ಪು ಹೋದ್ರೆ ಹೋಗ್ಲಿ. ನಮ್ಮಮ್ಮನ ಹುರುಳಿಕಾಯಿ ಬೀಜ ಮಾತ್ರ ಒಣಗಿಸಿ ಇಟ್ಟಿರು." ಇಲಿ ತಿಂದು ಡಬ್ಬಿಯಲ್ಲಿ ಉಳಿದಿದ್ದ ಆ ಕೆಂಪು ಚುಕ್ಕೆಯ ಬೀಜ ಹನ್ನೊಂದೇ. ಹನ್ನೊಂದನ್ನೂ ನೀನು ಊರಿ ಹೋದೆ. ಹನ್ನೊಂದೂ ಮೊಳೆತವು, ಚಪ್ಪರದ ಕಡ್ಡಿ ಹಿಡಿದು ಹಬ್ಬಿದವು. ಆಮೇಲೆ ಗುಡ್ಡದ ಕುರುಚಲು ಕಾಡಿನಿಂದ ಜಿಂಕೆಗಳು ಇಳಿದವು.

ಮೊದಲ ದಿನ ಮುಂಜಾನೆ ನಾನು ಹಲ್ಲುಜ್ಜುತ್ತ ಹಿತ್ತಿಲಿಗೆ ಬಂದರೆ, ಎರಡು ಜಿಂಕೆಗಳು ನೆಂಟರ ಮನೆಗೆ ಬಂದವರ ಹಾಗೆ ನಿಂತು ಮೆಲ್ಲುತ್ತಿದ್ದವು. ನನ್ನನ್ನು ಕಂಡು ಓಡಲಿಲ್ಲ. ಬಾಯಲ್ಲಿದ್ದ ಎಲೆ ಮುಗಿಸಿ, ಎದೆಮಟ್ಟದ ತಂತಿ ಬೇಲಿಯನ್ನು ಹೊಸ್ತಿಲು ದಾಟುವಷ್ಟೇ ಸಲೀಸಾಗಿ ದಾಟಿ ಹೋದವು. ಎಷ್ಟು ಚಂದ ಅಂತೀಯ! ಚಂದ ನೋಡುತ್ತ ನಿಂತ ನನಗೆ ಬಳ್ಳಿಯ ನೆನಪಾದದ್ದು ಬಾಯಲ್ಲಿನ ನೊರೆ ಆರಿದ ಮೇಲೆ. ಹನ್ನೊಂದರಲ್ಲಿ ಏಳು ಉಳಿದಿದ್ದವು.

ಜಿಂಕೆಗೆ ಮನುಷ್ಯರ ಬೆವರಿನ ವಾಸನೆ ಆಗದು ಎಂದು ಎಲ್ಲೋ ಓದಿದ್ದೆ. ನಿನ್ನ ಮಗ ಎಲ್ಲವನ್ನೂ ಎಲ್ಲೋ ಓದಿರುತ್ತಾನಲ್ಲ. ಅಪ್ಪನೂ ನಾನೂ ಮೂರು ಮೂರು ದಿನ ಒಂದೇ ಅಂಗಿ ತೊಟ್ಟು, ಅದನ್ನು ಸಂಜೆ ಬೇಲಿಗೆ ಕಟ್ಟುವುದು ಎಂದು ತೀರ್ಮಾನವಾಯಿತು. ಮೂವತ್ತು ವರ್ಷ ಲಾಂಡ್ರಿ ನಡೆಸಿದ ಮನುಷ್ಯ ಮೂರು ದಿನ ಒಂದೇ ಅಂಗಿಯಲ್ಲಿ ಇರುವುದೆಂದರೆ ಏನೆಂದು ನಿನಗೇ ಗೊತ್ತು. ಅಪ್ಪ ಹಲ್ಲು ಕಚ್ಚಿಕೊಂಡು ಇದ್ದರು. ಅಂಗಿ ಕಟ್ಟಿದೆವು. ಜಿಂಕೆ ಬಂತು. ಮತ್ತೆ ಕಟ್ಟಿದೆವು. ಮತ್ತೆ ಬಂತು. ಏಳು ನಾಲ್ಕಾಯಿತು. ಓದಿದ್ದೆಲ್ಲ ಸುಳ್ಳೇ ಎಂದು ನಾನು ಪೆಚ್ಚುಮೋರೆ ಹಾಕಿಕೊಂಡು ಬೇಲಿಯ ಬಳಿ ನಿಂತಿದ್ದಾಗ ಕಣ್ಣಿಗೆ ಬಿದ್ದದ್ದು ತೋಳಿನ ಗೆರೆ. ಬೇಲಿಯ ಮೇಲಿನ ಅಂಗಿಯ ತೋಳಿನಲ್ಲಿ ಚಾಕುವಿನ ಅಲಗಿನಂಥ ಇಸ್ತ್ರಿಯ ಗೆರೆ! ಮೂಗಿಗೆ ಹಿಡಿದರೆ ಸೋಪಿನ ಘಮ.

ಅಷ್ಟರಲ್ಲಿ ಪಕ್ಕದ ಮನೆಯ ಮೇಲಿನ ಕಿಟಕಿಯಿಂದ ಟಪಾಲು ದೊಡ್ಡಮ್ಮ ನಕ್ಕರು. "ಲೋ ಗುಮ್ಮನಗುಸ್ಕ, ನೀನು ಕಟ್ಟಿ ಬೆನ್ನು ತಿರುಗಿಸ್ತಿದ್ದ ಹಾಗೇ ನಿಮ್ಮಪ್ಪ ಬಿಚ್ಕೊಂಡು ಹೋಗಿ ಒಗೆದು, ಇಸ್ತ್ರಿ ಮಾಡಿ, ಗುಂಡಿ ಹಾಕಿ ಮತ್ತೆ ತಂದು ಕಟ್ತಾನೆ. ನಾನು ದಿನಾ ನೋಡ್ತಿದೀನಿ." ಕೇಳಿದರೆ ಅಪ್ಪ ನನ್ನ ಮೇಲೇ ಎಗರಿದರು: "ಬೇಲಿ ತುಂಬ ಕೊಳೆ ಅಂಗಿ ನೇತಾಡಿಸ್ಕೊಂಡು ಲಾಂಡ್ರಿ ನಡೆಸೋಕಾಗುತ್ತೇನೋ? ಗಿರಾಕಿಗಳು ನೋಡಿದ್ರೆ ಏನಂದ್ಕೊಳ್ಳಲ್ಲ?" ನನಗೆ ನಗು ತಡೆಯಲಾಗಲಿಲ್ಲ. ಸ್ವಲ್ಪ ಹೊತ್ತು ಮುಖ ಗಂಟಿಕ್ಕಿಕೊಂಡಿದ್ದ ಅಪ್ಪನೂ ನಕ್ಕರು. ನೀನು ಹೋದ ಮೇಲೆ ಈ ಮನೆಯಲ್ಲಿ ಇಬ್ಬರೂ ಒಟ್ಟಿಗೆ ನಕ್ಕಿದ್ದು ಅದೇ ಮೊದಲು.

ದಾರಿ ತೋರಿಸಿದ್ದೂ ದೊಡ್ಡಮ್ಮನೇ. ಗುಡ್ಡದ ಸುತ್ತಿನ ಮನೆಗಳಿಗೆಲ್ಲ ಕಾಗದ ಹಂಚಿ ನಿವೃತ್ತರಾದವರು. ಜಿಂಕೆಗಳ ಸ್ವಭಾವ ಅವರಿಗೆ ಚೆನ್ನಾಗಿ ಗೊತ್ತು. "ಅದು ಎತ್ತರಕ್ಕೆ ಹೆದರಲ್ಲ ಕಣೋ. ಆಚೆ ಇಳಿಯೋ ಜಾಗ ಕಾಣ್ದಿದ್ರೆ ಹಾರಲ್ಲ. ತಂತಿ ಮೇಲೆ ಏನಾದ್ರೂ ಮರೆ ಕಟ್ಟು." ಹಿತ್ತಿಲಿಗೆ ಸುತ್ತಲೂ ಮರೆ ಕಟ್ಟಲು ನಮ್ಮಲ್ಲಿ ಏನಿದೆ? ನನ್ನ ಕಣ್ಣು ಲಾಂಡ್ರಿಯ ಹಿಂದಿನ ಕೋಣೆಯ ಕಪಾಟಿನ ಮೇಲೆ ಹೋಯಿತು. ಗಿರಾಕಿಗಳು ಕೊಟ್ಟು ಮರೆತ ಬೆಡ್‌ಶೀಟುಗಳು, ಮೂಲೆಯಲ್ಲಿ ಕೆಂಪು ದಾರದ ನಂಬರು ಹೊತ್ತು, ವರ್ಷಕ್ಕೊಮ್ಮೆ ಒಗೆಸಿಕೊಂಡು, ಮತ್ತೆ ಮಡಿಕೆಯಾಗಿ ಕೂತಿವೆಯಲ್ಲ, ಅವು. ಅಪ್ಪ ಕಿವಿ ಮುಚ್ಚಿಕೊಂಡರು. "ಬೇರೆಯೋರ ಬಟ್ಟೆ ಕಣೋ ಅದು. ಯಾವತ್ತೋ ಒಂದಿನ ಬರ್ತಾರೆ." ನಾನು ಏನೂ ವಾದಿಸಲಿಲ್ಲ, ವಾದಿಸಲು ನನಗೆ ಬರುವುದೂ ಇಲ್ಲ. ಅವರನ್ನು ಕರೆದುಕೊಂಡು ಹೋಗಿ ಉಳಿದ ನಾಲ್ಕು ಬಳ್ಳಿ ತೋರಿಸಿದೆ. ಒಂದು ಅಂದೇ ಬುಡದಲ್ಲೇ ಕತ್ತರಿಸಿಹೋಗಿತ್ತು, ಅಂದರೆ ಮೂರೇ. ಅಪ್ಪ ಬಗ್ಗಿ ಬಳ್ಳಿಯ ಬುಡ ಮುಟ್ಟಿ ನೋಡಿದರು. ಆಮೇಲೆ ಒಳಗೆ ಹೋಗಿ ಬುಟ್ಟಿ ತುಂಬ ಕ್ಲಿಪ್ಪು ತಂದರು.

ಈಗ ನಮ್ಮ ಹಿತ್ತಿಲನ್ನು ನೀನು ನೋಡಬೇಕು! ಇಪ್ಪತ್ತಾರು ಬೆಡ್‌ಶೀಟು, ಪಟ್ಟೆಯದು, ಹೂವಿನದು, ನೀಲಿಯದು, ಒಂದರ ತುಂಬ ಆನೆಮರಿಗಳು. ನೆಲದ ಕಡೆಗೆ ಸುಕ್ಕಿಲ್ಲದ ಹಾಗೆ ಅಪ್ಪ ಕಲ್ಲು ಕಟ್ಟಿದ್ದಾರೆ. ವಾರಕ್ಕೊಮ್ಮೆ ಸರದಿಯಲ್ಲಿ ಬಿಚ್ಚಿ ಒಗೆಯುತ್ತಾರೆ, ಒಂದು ಬಿಚ್ಚಿದಲ್ಲಿ ಇನ್ನೊಂದು ಕಟ್ಟಿಯೇ. ಯಾರೂ ಬೇಡ ಅನ್ನುವಂತಿಲ್ಲ. ಗಾಳಿ ಬೀಸಿದರೆ ಹಿತ್ತಿಲೇ ಹಡಗಾಗಿ ಹೊರಟಂತೆ ಕಾಣುತ್ತದೆ. ಜಿಂಕೆಗಳು ಆಚೆ ಬಂದು ನಿಲ್ಲುತ್ತವೆ, ಬಟ್ಟೆಯ ಮೇಲೆ ಕಿವಿಗಳ ನೆರಳು ಬೀಳುತ್ತದೆ, ಹೊರಟುಹೋಗುತ್ತವೆ.

ಹೋದ ವಾರ ಬೇಕರಿಯಾಕೆ ಬೀದಿಯ ನಡುವೆಯೇ ನಿಂತು "ಅಯ್ಯಯ್ಯೋ, ಆನೆಮರಿ ನಂದು!" ಎಂದು ಕೂಗಿದರು. ಅವರ ಮಗನ ಹಾಸಿಗೆಯದಂತೆ. ಆ ಮಗನಿಗೆ ಈಗ ಮೀಸೆ ಬಂದಿದೆ. ಅಪ್ಪನ ಮುಖ ಹಾಗೆ ಅರಳಿದ್ದನ್ನು ನಾನು ಕಂಡೇ ಇರಲಿಲ್ಲ. "ನೋಡಿದೆಯಾ, ಬಂದ್ರು!" ಎಂದು ನನಗೆ ಹೇಳಿ, ಅವರಿಗೆ "ಚೀಟಿ ತಂದಿದೀರಾ?" ಎಂದು ಕೇಳಿದರು. ಎಂಟು ವರ್ಷದ ಹಿಂದಿನ ಚೀಟಿ! ಆಕೆ ಅಂಚಿನಲ್ಲಿ ತಾನೇ ಹಾಕಿದ್ದ ತೇಪೆ ತೋರಿಸಿದ ಮೇಲೆ ಒಪ್ಪಿದರು. ಆದರೂ ಕೈಗೆ ಕೊಡಲಿಲ್ಲ. "ಹೊರಗೆ ಕಟ್ಟಿದ್ದು, ಒಗೆದು ಕೊಡ್ತೀನಿ, ನಾಳೆ ಬನ್ನಿ" ಎಂದು ಬಿಚ್ಚಿಕೊಂಡು ಒಳಗೆ ಹೋದರು. ಆ ಸಂಭ್ರಮದಲ್ಲಿ ಖಾಲಿ ಜಾಗಕ್ಕೆ ಬೇರೆ ಕಟ್ಟುವುದನ್ನು ಇಬ್ಬರೂ ಮರೆತೆವು.

ಸಂಜೆ ನಾನು ನೀರು ಹಾಕುತ್ತಿದ್ದಾಗ ಆ ಖಾಲಿ ಜಾಗದಿಂದ ಜಿಂಕೆ ಒಳಗೆ ಇಳಿದೇಬಿಟ್ಟಿತು. ಒಣಗಲು ಬಿಟ್ಟ ಕಾಯಿಗಳಿಗೂ ಅದರ ಮೂತಿಗೂ ಒಂದು ಗೇಣು. ನನ್ನ ಬಾಯಿಂದ ಬಂದದ್ದೇನು ಗೊತ್ತೆ? "ರೀ... ಒಂದ್ನಿಮಿಷ..." ಜಿಂಕೆಗೆ ಬಹುವಚನ! ಅದು ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಕುತ್ತಿಗೆ ಚಾಚಿತು. ಆಗ ಕೂಗಿದೆ ಅಮ್ಮಾ. ಪಕ್ಕದ ಕೋಣೆಗೂ ಕೇಳಿಸದು ಎಂದು ನೀನು ಬೈಯುತ್ತಿದ್ದ ದನಿಯಲ್ಲಿ, ಬೀದಿಯ ಆ ತುದಿಯ ಬೇಕರಿಗೆ ಕೇಳುವಂತೆ, "ಹೋಗಾಚೆ! ಅದು ನಮ್ಮಜ್ಜೀದು!" ಜಿಂಕೆ ಒಂದೇ ನೆಗೆತಕ್ಕೆ ಮಾಯ. ದೊಡ್ಡಮ್ಮ ಕಿಟಕಿಯಲ್ಲಿ ಚಪ್ಪಾಳೆ ತಟ್ಟಿದರು. ಅಪ್ಪ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದೇ ಓಡಿಬಂದು "ಯಾರೋ ಕೂಗಿದ್ದು?" ಎಂದು ನನ್ನನ್ನೇ ಕೇಳಿದರು.

ಇನ್ನು ನೀನು ನಿಶ್ಚಿಂತೆಯಿಂದ ಉಸಿರು ಬಿಡಬಹುದು. ಮೂರೂ ಬಳ್ಳಿ ಕ್ಷೇಮ. ಒಣಗಿದ ನಾಲ್ಕು ಕಾಯಿ ಬಿಡಿಸಿದೆ, ಹತ್ತೊಂಬತ್ತು ಬೀಜ, ಚುಕ್ಕೆ ಒಂದೂ ತಪ್ಪಿಲ್ಲ. ಬಳ್ಳಿಯಲ್ಲಿ ಇನ್ನೂ ಬೇಕಾದಷ್ಟಿವೆ. ಈ ಸಲ ಇಲಿಯ ಹಲ್ಲು ತಾಗದ ಗಾಜಿನ ಬಾಟಲಿಯಲ್ಲಿ ಹಾಕಿದ್ದೇನೆ.

ಅಕ್ಕನಿಗೂ ಭಾವನಿಗೂ ನನ್ನ ನೆನಪು ಹೇಳು. ಪುಟ್ಟಿಯ ಮೂಗಿಗೆ ಒಂದು ಮುತ್ತು, ಅದು ನನ್ನದಾಗಿದ್ದರೂ ಇಲ್ಲದಿದ್ದರೂ.

ನಿನ್ನ,
ಗುಮ್ಮನಗುಸ್ಕ

ಮರೆತಿದ್ದೆ: ಆ ಸಂಜೆ ಖಾಲಿ ಜಾಗಕ್ಕೆ ಕೈಗೆ ಸಿಕ್ಕಿದ್ದನ್ನು ಕಟ್ಟೋಣವೆಂದು ಹಿಂಬಾಗಿಲ ಗೂಟದಲ್ಲಿದ್ದ ನಿನ್ನ ತೋಟದ ಅಂಗಿ ತೆಗೆಯಹೋದೆ. "ಅದು ಬೇಡ" ಎಂದು ಅಪ್ಪ ತಮ್ಮ ಹಾಸಿಗೆಯ ಬೆಡ್‌ಶೀಟನ್ನೇ ಎಳೆದು ತಂದರು. ಮನೆಯ ಪರದೆ, ದಿಂಬು, ಕಾಲೊರಸು ಎಲ್ಲವನ್ನೂ ಒಗೆದಿದ್ದಾರೆ ಅಮ್ಮಾ, ಆ ಅಂಗಿಯೊಂದನ್ನು ಬಿಟ್ಟು. ನೀನು ಹೊರಟ ದಿನದ ಮಣ್ಣು ತೋಳಿನಲ್ಲಿ ಹಾಗೇ ಇದೆ. ನಾನು ಏನೂ ಕೇಳಿಲ್ಲ. ಕೇಳಿದರೆ ನಾಚಿಕೊಂಡು ಒಗೆದುಬಿಟ್ಟಾರು. ಅಕ್ಕ ಸುಧಾರಿಸಿಕೊಂಡ ಕೂಡಲೇ ಬಂದುಬಿಡು.