ನನಗಿಂತ ಮೊದಲು ಗೊತ್ತಾದವರು

ಫೆಬ್ರವರಿ 9
ಸಾಗರದ ನರ್ಸಿಂಗ್ ಹೋಮ್. ಹರ್ನಿಯಾ ಆಪರೇಷನ್‌ಗೆ ಮುಂಚಿನ ರಕ್ತಪರೀಕ್ಷೆ. ಏನೇನು ನೋಡುತ್ತಾರೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಸಂಜೆ ಉಪನಯನದ ಮನೆಗೆ ಬೂಂದಿ ಕರಿದೆ. ಹೊಟ್ಟೆ ಹಿಡಿದುಕೊಂಡೇ.

ಫೆಬ್ರವರಿ 12
ಡಾಕ್ಟರ್ ಮುಖ ಎತ್ತಲಿಲ್ಲ.
"ಶಿವಮೊಗ್ಗದಲ್ಲಿ ಮಾಡಿಸ್ಕೊಳ್ಳಿ ಗಜಾನನ. ಇಲ್ಲಿ ಸೌಲಭ್ಯ ಇಲ್ಲ."
ಮೊನ್ನೆ ಇತ್ತಲ್ಲ... ರಿಪೋರ್ಟ್ ಕೇಳಿದೆ. ಆಮೇಲೆ ಕೊಡ್ತೀವಿ ಅಂದರು.

ಫೆಬ್ರವರಿ 27
ಮದುವೆ ಸೀಸನ್. ಗಣಪಯ್ಯನವರ ಫೋನೇ ಇಲ್ಲ. ಮೀಸೆ ಮೂಡಿದಾಗಿನಿಂದ ಅವರ ಅಡುಗೆ ತಂಡದಲ್ಲಿದ್ದೇನೆ. ಇವತ್ತು ಮನೆಗೇ ಹೋದೆ. ಜಗಲಿಗೆ ಬಂದರು. ಒಳಗೆ ಕರೆಯಲಿಲ್ಲ.
"ನಿಂಗೆ ಗೊತ್ತಿಲ್ಯನಾ?"
"ಎಂತ?"
"ನರ್ಸಿಂಗ್ ಹೋಮಿನ ಲ್ಯಾಬಿನ ವಿಘ್ನೇಶ್ವರ ಹೇಳ್ದ... ನಿಂಗೆ ಎಚ್‌ಐವಿ ಇದ್ದಡ."
ಅವರ ಹೆಂಡತಿ ಮೀನಾಕ್ಷಮ್ಮ ಬಾಗಿಲ ಹಿಂದೆ ನಿಂತಿದ್ದರು. ಅವರಿಗೂ ಗೊತ್ತು. ಬಸ್ ಹತ್ತಿದೆ. ಇಳಿಯುವ ಸ್ಟಾಪ್ ದಾಟಿದ ಮೇಲೂ ಕೂತೇ ಇದ್ದೆ.

ಮಾರ್ಚ್ 3
ಸಾಗರ ಬೇಡವೆಂದು ತೀರ್ಥಹಳ್ಳಿಯ ಸರ್ಕಾರಿ ಆಸ್ಪತ್ರೆಗೆ ಹೋದೆ. ಕೌನ್ಸಿಲರ್ ಸರೋಜ. ಬಾಗಿಲು ಹಾಕಿ ಮೊದಲು ಕೇಳಿದ್ದು — "ಪರೀಕ್ಷೆ ಮಾಡ್ಬಹುದಾ? ನಿಮ್ಮ ಒಪ್ಪಿಗೆ ಇದ್ಯಾ?"
ಪಾಸಿಟಿವ್.
ಮಾತ್ರೆ ತಪ್ಪಿಸದಿದ್ದರೆ ಎಲ್ಲರಂತೆ ಬದುಕಬಹುದಂತೆ. ಅಡುಗೆಯಿಂದ ಹರಡುವುದಿಲ್ಲವಂತೆ. ಹೇಗೆ ಬಂತೆಂದು ಅವರು ಕೆದಕಲಿಲ್ಲ.
"ಕೇಳದೆ ಪರೀಕ್ಷೆ ಮಾಡೋ ಹಾಗಿಲ್ಲ. ಇನ್ನೊಬ್ರಿಗೆ ಹೇಳೋ ಹಾಗಂತೂ ಇಲ್ವೇ ಇಲ್ಲ. 2017ರಲ್ಲೇ ಕಾನೂನಾಗಿದೆ. ದೂರು ಕೊಡ್ತೀರಾ?"
"ಕೊಟ್ರೆ ಇನ್ನಷ್ಟು ಜನಕ್ಕೆ ಗೊತ್ತಾಗತ್ತಲ್ಲ ಮೇಡಂ."
"ಹೆಸರು ಹೊರಗೆ ಬರದ ಹಾಗೆ ಕೇಳ್ಕೋಬಹುದು."
ಹೆಂಡತಿ ವಿನಯಾ ನಿಟ್ಟೂರಿನ ತವರಿನಲ್ಲಿದ್ದಾಳೆ. ನಾಳೆ ಹೋಗಿ ಹೇಳಬೇಕು.

ಮಾರ್ಚ್ 4
ಹೇಳಬೇಕಾಗಲಿಲ್ಲ. ಅವಳ ಅಣ್ಣ ಯಾವುದೋ ಮದುವೆಮನೆಯಲ್ಲಿ ಕೇಳಿಕೊಂಡು ಬಂದಿದ್ದ. ವಿನಯಾ ಬಟ್ಟೆ ಮಡಚುತ್ತಿದ್ದಳು.
"ನೀವೇ ಬಂದು ಹೇಳ್ತ್ರಿ ಅಂತ ಕಾಯ್ತಾ ಇದ್ದಿದ್ದಿ."
"ನಂಗೇ ಗೊತ್ತಿರ್ಲೆ."
"ಯಾವಾಗಿಂದು?"
"ಮದುವೆಗೂ ಮುಂಚಿಂದು ಇರವು ಕಾಣ್ತು."
ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದಳು.

ಮಾರ್ಚ್ 10
ಅವಳದು ನೆಗೆಟಿವ್. ಕೆಲವು ತಿಂಗಳು ಬಿಟ್ಟು ಇನ್ನೊಮ್ಮೆ ನೋಡಬೇಕು. ಸರೋಜ ಅವಳೊಬ್ಬಳನ್ನೇ ಒಳಗೆ ಕರೆದು ಹೇಳಿದರು. ಅವಳು ಹೊರಗೆ ಬಂದು ನನಗೆ ಹೇಳಿದಳು. ನನ್ನದನ್ನೂ ಹೀಗೇ ನನಗೇ ಮೊದಲು ಹೇಳಬೇಕಿತ್ತು.
ನಿಟ್ಟೂರಿನ ಬಸ್ ಹತ್ತಿದಳು. ನಾನು ವಾಪಸ್ ಒಳಗೆ ಹೋಗಿ ದೂರಿಗೆ ಒಪ್ಪಿದೆ.

ಜೂನ್ 19
ಶಿವಮೊಗ್ಗ. ಈ ಕಾನೂನಿಗೆಂದೇ ಇರುವ ಅಧಿಕಾರಿಯ ಮುಂದೆ ವಿಚಾರಣೆ. ಕಾಗದದಲ್ಲಿ ನಾನು "ಎಕ್ಸ್". ಮುಚ್ಚಿದ ಕೋಣೆ.
ವಿಘ್ನೇಶ್ವರ ಅಂದ, "ಅಡುಗೆಯೋರಲ್ವಾ ಸಾರ್, ಊರಿನ ಒಳ್ಳೇದಕ್ಕೇ ಹೇಳ್ದೆ."
ಅಧಿಕಾರಿ ಕೇಳಿದರು, "ಊರಿಗೆ ಹೇಳಿದ್ರಿ. ಇವರಿಗೆ ಯಾಕೆ ಹೇಳ್ಲಿಲ್ಲ?"
ನನಗೆ ಸಿಟ್ಟು ಬರುತ್ತದೆಂದು ಕಾದೆ. ಬರಲಿಲ್ಲ.

ಜುಲೈ 30
ಆದೇಶ ಬಂತು. ತಪ್ಪು ನರ್ಸಿಂಗ್ ಹೋಮಿನದು. ಆಪರೇಷನ್ ಅವರೇ ಮಾಡಿಕೊಡಬೇಕು. ಓದಿ ಮಡಚಿಟ್ಟೆ. ಜನರ ಕಿವಿಗೆ ಬಿದ್ದದ್ದನ್ನು ವಾಪಸ್ ತೆಗೆಯಲು ಯಾವ ಆದೇಶವೂ ಸಾಲದು.

ಅಕ್ಟೋಬರ್ 14
ಆಪರೇಷನ್ ಆಗಿ ತಿಂಗಳಾಯಿತು. ವಿನಯಾ ಬಂದಿದ್ದಾಳೆ. ಎರಡನೇ ಸಲವೂ ನೆಗೆಟಿವ್. ಮಾತು ಕಡಿಮೆ. ಗಣಪಯ್ಯನವರ ಹತ್ತಿರ ಮಾತಾಡಲೇ ಎಂದು ಸರೋಜ ಕೇಳಿದರು. ಆಗಲಿ ಅಂದೆ. ನನ್ನನ್ನು ಕೇಳಿ ನನ್ನ ವಿಷಯ ಮಾತಾಡುವುದು... ಇದೇ ಮೊದಲು.

ನವೆಂಬರ್ 23
ಕೋಣಂದೂರಿನಲ್ಲಿ ಮದುವೆ. ಗಣಪಯ್ಯ ಫೋನ್ ಮಾಡಿದ್ದರು — "ಸಾರು ಮಾಡವು, ಬಾ."
ಒಲೆ ಹತ್ತಿರ ಹೋದೆ. ಉಳಿದವರು ತರಕಾರಿ ಹೆಚ್ಚುವ ನೆವದಲ್ಲಿ ಆಚೆ ಸರಿದರು. ಸಾರು ಕುದಿಯಿತು. ಗಣಪಯ್ಯ ಬಂದರು. ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ಬಾಯಿಗೆ ಹಾಕಿಕೊಂಡರು. ಎಲ್ಲರಿಗೂ ಕೇಳುವ ಹಾಗೆ ಅಂದರು, "ಉಪ್ಪು ಇನ್ನೊಂಚೂರು ಬೇಕು, ಮಾರಾಯ."
ಉಪ್ಪಿನ ಡಬ್ಬ ಪಕ್ಕದಲ್ಲೇ ಇತ್ತು. ಕಾಣಲಿಲ್ಲ. ಕಣ್ಣು —