ಚರ್ಮದ ಲಸಿಕೆಗೆ ಮಾಂಸಖಂಡದ ಸೂಜಿ

ಲಸಿಕೆ ಉಗ್ರಾಣದ ಮಾನ್ಯ ಅಧಿಕಾರಿಗಳೇ,

ಕ್ಷಯದ ಲಸಿಕೆ ಹಾಕಲು ನಿರಾಕರಿಸಿದ ನನ್ನ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು ಎಂದು ನೋಟಿಸು ಕಳಿಸಿದ್ದೀರಿ. ಉತ್ತರವನ್ನು ಎಲ್ಲರೂ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಹೌದು, ನಿರಾಕರಿಸಿದ್ದೇನೆ. ನೀವು ಕಳಿಸಿದ ಸೂಜಿಯಿಂದ ಇನ್ನೊಂದು ಮಗುವಿಗೂ ಚುಚ್ಚುವುದಿಲ್ಲ.

ಈ ಲಸಿಕೆ ಚರ್ಮದ ಪದರದೊಳಗೇ ನಿಲ್ಲಬೇಕು. ದೇಹದ ಕಾವಲು ಕಣಗಳು ಅಲ್ಲಿ ದಟ್ಟವಾಗಿವೆ. ರೋಗದ ಗುರುತು ಹಿಡಿದು ಉಳಿದವಕ್ಕೆ ಕಲಿಸುವುದು ಅವೇ. ಗಿಡ್ಡ, ತೆಳು ಸೂಜಿಯಲ್ಲಿ ಸರಿಯಾಗಿ ಕೊಟ್ಟರೆ ತೋಳಿನ ಮೇಲೆ ಸಣ್ಣ ಬಿಳಿ ಗುಳ್ಳೆ ಏಳುತ್ತದೆ. ಅದೇ ಔಷಧ ಆಳಕ್ಕಿಳಿದರೆ ಕೀವುಗಟ್ಟಬಹುದು, ರಕ್ಷಣೆ ಎಷ್ಟು ಸಿಕ್ಕಿತೆಂದು ಹೇಳುವವರಿಲ್ಲ. ಇದನ್ನು ನನಗೆ ಕಲಿಸಿದ್ದು ತಮ್ಮದೇ ಇಲಾಖೆಯ ಕೈಪಿಡಿ. ತಮಗೆ ಅದನ್ನು ತೆರೆಯಲು ಬಿಡುವಾಗಲಿಲ್ಲವೇ?

ನಮ್ಮ ದ್ವೀಪಕ್ಕೆ ಆಗಸ್ಟ್ ತಿಂಗಳ ಹಡಗಿನಲ್ಲಿ ಬಂದದ್ದು ಮಾಂಸಖಂಡಕ್ಕೆ ಚುಚ್ಚುವ ಉದ್ದ ಸೂಜಿ. ವೈರ್‌ಲೆಸ್ ರೇಡಿಯೋದಲ್ಲಿ ತಮ್ಮನ್ನೇ ವಿಚಾರಿಸಿದೆ. ಸೂಜಿ ಎಂದರೆ ಸೂಜಿ, ಇಷ್ಟು ಮಕ್ಕಳಿಗೆ ಎಂಬ ಗುರಿ ಮುಟ್ಟಿಸಿ ಎಂದಿರಿ. ಹತ್ತೊಂಬತ್ತು ವರ್ಷದ ಅನುಭವವನ್ನು ಬದಿಗಿಟ್ಟು ಮೂರು ಹಸುಗೂಸುಗಳಿಗೆ ಚುಚ್ಚಿದೆ. ಒಂದಕ್ಕೂ ಗುಳ್ಳೆ ಏಳಲಿಲ್ಲ. ಆರು ವಾರ ಕಳೆದ ಮೇಲೆ ಆ ತಾಯಂದಿರಲ್ಲಿ ಒಬ್ಬಳಾದ ತೆಬೋರಾ ಮಗಳನ್ನೆತ್ತಿಕೊಂಡು ಬಂದಳು. ಕೂಸಿನ ತೋಳು ಬಾತಿತ್ತು, ಕಂಕುಳ ಗಡ್ಡೆ ಒಡೆದು ಕೀವು ಸುರಿಯುತ್ತಿತ್ತು.

"ಔಷಧ ಕೆಟ್ಟಿತ್ತಾ ಅಕ್ಕಾ?" ಎಂದು ಕೇಳಿದಳು.

ಹೌದೆಂದಿದ್ದರೆ ನಾನೂ ಬಚಾವಾಗುತ್ತಿದ್ದೆ, ತಾವೂ ಬಚಾವಾಗುತ್ತಿದ್ದಿರಿ. ಆದರೆ ದ್ವೀಪದಲ್ಲಿ ಮತ್ತೆ ಯಾರು ಲಸಿಕೆಗೆ ತೋಳು ಕೊಡುತ್ತಿದ್ದರು?

"ಔಷಧ ಚೆನ್ನಾಗೇ ಇತ್ತು, ಸೂಜಿ ತಪ್ಪು. ಗೊತ್ತಿದ್ದೂ ಚುಚ್ದೆ," ಎಂದೆ.

ಅವಳು ಕೂಸಿನ ತೋಳನ್ನು ನನ್ನ ಮುಂದೆ ಹಿಡಿದಳು. ಆಮೇಲೆ, "ಇನ್ಮೇಲೆ ಯಾರು ಹೇಳಿದ್ರೂ ಚುಚ್ಬೇಡ," ಎಂದಳು. ಬೈದಿದ್ದರೆ ಹಗುರಾಗುತ್ತಿತ್ತು.

ಎರಡು ತಿಂಗಳು ದಿನವೂ ಗಾಯ ತೊಳೆದು ಪಟ್ಟಿ ಕಟ್ಟಿದೆ. ಕೂಸು ಗುಣವಾಯಿತು. ಅಷ್ಟರಲ್ಲಿ ನವೆಂಬರ್ ಹಡಗಿನಲ್ಲಿ ಮತ್ತೆ ಅದೇ ಸೂಜಿ! ಬಂದ ಹಡಗಿನಲ್ಲೇ ವಾಪಸು ಕಳಿಸಿದೆ.

ಇದು ನನಗೆ ಸಲೀಸಾದ ಧೈರ್ಯವಲ್ಲ. ಊರಿನಲ್ಲಿ ಮೂವರು ಕ್ಷಯದಿಂದ ಕೆಮ್ಮುತ್ತಿದ್ದಾರೆ. ಅವರ ಆಸುಪಾಸಿನಲ್ಲೇ ಲಸಿಕೆಯಿಲ್ಲದ ಏಳು ಹಸುಗೂಸುಗಳಿವೆ. ಊರಿನ ಸಭಾಮನೆಯಲ್ಲಿ ಎಲ್ಲರ ಮುಂದೆ ನನ್ನ ತಪ್ಪು ಒಪ್ಪಿಕೊಂಡು, ಏಕೆ ಕಾಯಬೇಕೆಂದು ವಿವರಿಸಿದೆ. ಒಬ್ಬ ತಾಯಿಯೂ ಲಸಿಕೆ ಬೇಡವೆನ್ನಲಿಲ್ಲ. ಸರಿಯಾದ ಸೂಜಿ ಯಾವಾಗ ಬರುತ್ತದೆಂದು ಕೇಳಿದರು. ಕಚೇರಿಯಲ್ಲಿ ಕುಳಿತ ತಮಗೆ ಹೊಳೆಯದ ಪ್ರಶ್ನೆ ಮೀನು ಒಣಗಿಸುವ ಈ ಹೆಂಗಸರಿಗೆ ಹೇಗೆ ಹೊಳೆಯಿತು?

ಮುಂದಿನ ಹಡಗಿನಲ್ಲಿ ಗಿಡ್ಡ ಸೂಜಿ ಕಳಿಸಿ. ಜೊತೆಗೆ ನನ್ನ ವಜಾ ಆದೇಶವನ್ನೂ ಕಳಿಸುವುದಾದರೆ ಕಳಿಸಿ. ಏಳು ಮಕ್ಕಳಿಗೂ ಲಸಿಕೆ ಹಾಕಿ ಮುಗಿಸಿದ ಮೇಲೆ ಓದುತ್ತೇನೆ.

ಇಂತಿ,
ಒಮ್ಮೆ ತಮ್ಮ ಮಾತು ಕೇಳಿ ಇಂದಿಗೂ ನಾಚುತ್ತಿರುವ
ರೋತಿಯಾ
ನರ್ಸ್, ಕಿರಿಬಾಟಿಯ ಒಂದು ಹೊರದ್ವೀಪ